ಭಾವನ ಕಾರಿನ ಕಿಡಿ

ಪಾಯಿಂಟ್ ಮಾವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇರಲಿಲ್ಲ ಅಂತಲ್ಲ. ಅದು ಕರೆಂಟು ಬಿಲ್ಲಿನ ಮೇಲೆ ಮಾತ್ರ ಹೇಗೋ ಜೀವ ಹಿಡಿದುಕೊಂಡಿತ್ತು. ಬೀದಿಗೆಲ್ಲ ಅವನು ಪಾಯಿಂಟ್ ಮಾವ, ಅವನ ಹೆಂಡತಿ ಅತ್ತೆ. ಟೈಲರ್ ಅಂಗಡಿಗೂ ಹಳೇ ಪೇಪರ್ ಅಂಗಡಿಗೂ ನಡುವೆ ಅವನದೊಂದು ತಗಡಿನ ಶೆಡ್ಡು. ಒಳಗೆ ಕಾಲಿಟ್ಟರೆ ಗ್ರೀಸಿನ ವಾಸನೆ ಮೊದಲು ಮಾತಾಡಿಸುತ್ತಿತ್ತು, ಆಮೇಲೆ ಮಾವ.

ಹಳೆಯ ಇಂಜಿನ್ನುಗಳಲ್ಲಿ ಡಿಸ್ಟ್ರಿಬ್ಯೂಟರ್ ಅಂತ ಒಂದು ಬಟ್ಟಲಿನಂಥ ಸಾಮಾನು ಇರುತ್ತದೆ. ಅದರ ಕ್ಯಾಪ್ ತೆಗೆದರೆ ಒಳಗೆ ಪಾಯಿಂಟು. ಪುಟ್ಟ ಎರಡು ಮೊನೆ, ಮುಟ್ಟುವುದು, ಬಿಡುವುದು, ಮುಟ್ಟುವುದು, ಬಿಡುವುದು. ಬಿಟ್ಟಾಗಲೆಲ್ಲ ಇಂಜಿನ್ನಿಗೊಂದು ಕಿಡಿ. ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಾಡಿ ಕೆಮ್ಮುತ್ತದೆ, ಸೀನುತ್ತದೆ, ನಡುರಸ್ತೆಯಲ್ಲಿ ಮುನಿಸಿಕೊಂಡು ನಿಲ್ಲುತ್ತದೆ. ಮಾವ ಆ ಸಂದಿನಲ್ಲಿ ಗೇಜು ಅಂತ ತೆಳ್ಳನೆಯ ಅಳತೆಯ ತಗಡು ತೂರಿಸಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಸ್ಕ್ರೂ ಬಿಗಿಯುತ್ತಿದ್ದ. ಹೆಸರು ಬಂದದ್ದು ಹಾಗೆ.

ಆಮೇಲೆ ಬಂದ ಗಾಡಿಗಳಿಗೆ ಪಾಯಿಂಟೇ ಇರಲಿಲ್ಲ. ಹಳೆಯವು ಒಂದೊಂದಾಗಿ ಗುಜರಿ ಸೇರಿದವು. ಕೊನೆಗೆ ಮಾವನ ಕೈಗೆ ಉಳಿದದ್ದು ಒಂದೇ ಒಂದು, ಅವನ ಭಾವನ ಕಾರು.

ಅದು ಸಾಮಾನ್ಯ ಕಾರಲ್ಲ. ಎರಡೇ ಬಾಗಿಲು, ಎಂಟು ಸಿಲಿಂಡರು, ಊಟದ ಮೇಜಿನಷ್ಟು ಉದ್ದದ ಬಾನೆಟ್ಟು. ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯ ಪಾತ್ರೆಗಳು ಒಂದಕ್ಕೊಂದು ಪಿಸುಗುಟ್ಟುತ್ತಿದ್ದವು. ತಿಳಿದವರು ಅಂಥದ್ದನ್ನು ಮಸಲ್ ಕಾರ್ ಅನ್ನುತ್ತಾರೆ. ಅಕ್ಕ, ಅಂದರೆ ಮಾವನ ಒಡಹುಟ್ಟಿದ ಅಕ್ಕ, ಭಾವನ ಹೆಂಡತಿ, ಅದನ್ನು ಕೋಣ ಅಂತಲೇ ಕರೆಯುತ್ತಿದ್ದಳು. ಗಿರಣಿಯಲ್ಲಿ ಫೋರ್‌ಮನ್ ಆಗಿದ್ದ ಭಾವ ಪ್ರಾಯದಲ್ಲಿ ಆ ಕೋಣವನ್ನು ಮನೆಗೆ ತಂದಾಗ ಮೂರು ಹೊತ್ತು ಮಾತು ಬಿಟ್ಟಿದ್ದವಳು, ಆಮೇಲೆ ಅದರ ಮುಂದಿನ ಸೀಟನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

ಭಾವನದ್ದು ಒಂದೇ ಹಟ. ಕೆಟ್ಟದ್ದನ್ನು ರಿಪೇರಿ ಮಾಡಬೇಕು, ಬದಲಾಯಿಸಕೂಡದು. ಕಾರ್ಖಾನೆಯಿಂದ ಬಂದಾಗ ತಂತಿಗೆ ಬಟ್ಟೆಯ ಪಟ್ಟಿ ಸುತ್ತಿತ್ತೇ, ಇಂದಿಗೂ ಬಟ್ಟೆಯದ್ದೇ ಇರಬೇಕು. ಒಮ್ಮೆ ಕೀಲಿಯ ಸ್ವಿಚ್ಚು ಸವೆದು, ರೇಡಿಯೋ ಮಾತ್ರ ಹಚ್ಚುವ ಜಾಗ ಸತ್ತುಹೋಯಿತು. ಹೊಸ ಸ್ವಿಚ್ಚಿಗೆ ಭಾವ ಒಪ್ಪಲಿಲ್ಲ. ಕಾರಿನಲ್ಲಿ ಕಾಯುತ್ತ ಕೂತಾಗ ಹಾಡು ಬೇಕು ಅಂತ ಅಕ್ಕನ ಹಟ. ಇಬ್ಬರ ನಡುವೆ ಸಿಕ್ಕಿಕೊಂಡ ಮಾವ ರೇಡಿಯೋದ ತಂತಿಯನ್ನು ಇಂಜಿನ್ನಿನ ಲೈನಿಗೇ ಜೋಡಿಸಿಕೊಟ್ಟ. ಅಂದಿನಿಂದ ಕೀಲಿಯನ್ನು ಇಂಜಿನ್ನಿಗೆ ಕರೆಂಟು ಹೋಗುವ ಜಾಗದವರೆಗೆ ತಿರುಗಿಸಿದರೆ ಮಾತ್ರ ಹಾಡು, ಇಂಜಿನ್ನು ಹತ್ತದಿದ್ದರೂ. ಅಕ್ಕನಿಗೂ ಸಮಾಧಾನ, ಭಾವನಿಗೂ ಸಮಾಧಾನ.

ಅಕ್ಕ ತೀರಿಕೊಂಡಳು. ಮಕ್ಕಳಿರಲಿಲ್ಲ. ಭಾವ ಮೊದಲೇ ಮಾತಿನಲ್ಲಿ ಜಿಪುಣರು, ಮಾವನಿಗೋ ಇಂಜಿನ್ನಿನ ಭಾಷೆ ಬಿಟ್ಟರೆ ಬೇರೆ ಬರದು. ಅಷ್ಟು ವರ್ಷದ ನೆಂಟಸ್ತಿಕೆಯಲ್ಲಿ ಇಬ್ಬರ ನಡುವೆ ಮಾತು ಹೊಲಿಯುತ್ತಿದ್ದವಳು ಅವಳೇ. ಅವಳು ಹೋದ ಮೇಲೆ ಉಳಿದದ್ದು ಭಾನುವಾರ. ಪ್ರತಿ ಭಾನುವಾರ ಬೆಳಿಗ್ಗೆ ಮಾವ ಚೀಲ ಹಿಡಿದು ಹೋಗುವನು, ಬಾನೆಟ್ಟು ಎತ್ತುವನು, ಪಾಯಿಂಟು ಉಜ್ಜಿ ಸಂದು ಹೊಂದಿಸುವನು. ಭಾವ ಎರಡು ಲೋಟ ಕಾಫಿ ತಂದು ಒಂದನ್ನು ಮಡ್‌ಗಾರ್ಡಿನ ಮೇಲೆ, ಬಟ್ಟೆ ಹಾಸಿಯೇ, ಇಡುವರು. ಇಬ್ಬರೂ ಊರಾಚೆಯ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುವರು. ಮುಂದಿನ ಸೀಟಿನಲ್ಲಿ ಮಾವ ಒಂದು ದಿನವೂ ಕೂತವನಲ್ಲ, ಹಿಂದೆಯೇ. ಆ ಮನೆಗೆ ಹೋಗಲು ಅವನಿಗೆ ಅದೊಂದೇ ದಾರಿ.

ಅಂಥ ಹೊತ್ತಿನಲ್ಲಿ ಕೈ ನಡುಗತೊಡಗಿತು.

ಮೊದಲು ಬಲಗೈಯ ಹೆಬ್ಬೆರಳು, ಆಮೇಲೆ ಇಡೀ ಕೈ. ಡಾಕ್ಟರು ಮಾತ್ರೆ ಬರೆದರು; ಇದು ವಾಸಿಯಾಗುವ ಕಾಯಿಲೆಯಲ್ಲ, ನಿಧಾನ ಮಾಡಬಹುದು ಅಷ್ಟೇ ಅಂದರು. ಭಾನುವಾರಗಳು ಹೆದರಿಕೆಯಾದವು. ಪಾಯಿಂಟಿನ ಸ್ಕ್ರೂ ಅಂದರೆ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ. ಅದು ಕೈಜಾರಿ ಡಿಸ್ಟ್ರಿಬ್ಯೂಟರಿನ ಹೊಟ್ಟೆಗೆ ಬೀಳುವುದು, ಭಾವ ಕಾಫಿಗೆ ಒಳಗೆ ಹೋದಾಗ ಮಾವ ಬೆವರುತ್ತ ಅದನ್ನು ಆಯಸ್ಕಾಂತದಿಂದ ಎತ್ತುವುದು. ಸಂದು ಸರಿಯಾಗದೆ ಕೋಣ ಕೆಮ್ಮತೊಡಗಿತು. ಪೆಟ್ರೋಲು ಈಗೀಗ ಚೆನ್ನಾಗಿ ಬರ್ತಿಲ್ಲ ಅಂತ ಮಾವ ಪೆಟ್ರೋಲಿನ ತಲೆಗೆ ಕಟ್ಟಿದ.

ಇರುವುದನ್ನು ಇದ್ದ ಹಾಗೆ ಭಾವನಿಗೆ ಹೇಳಿಬಿಡಿ ಅಂತ ಅತ್ತೆ ದಿನಾ ಹೇಳುವಳು; ಅವಳು ಭಾವನನ್ನು ಕರೆಯುತ್ತಿದ್ದದ್ದು ಅಣ್ಣ ಅಂತ.

"ಕೈ ನಡುಗೋದೇನು ಕಳ್ಳತನಾನಾ? ಅಣ್ಣ ಏನು ನಿಮ್ಮನ್ನ ನುಂಗ್ತಾರಾ?"

"ನುಂಗಲ್ಲ. ಪಾಪ ಅಂತಾರೆ. ಬೇರೆ ಮೆಕ್ಯಾನಿಕ್‌ನ ಕರೀತಾರೆ," ಅಂದ ಮಾವ. "ಆಮೇಲೆ ನಾನು ಅಲ್ಲಿಗೆ ಹೋಗಿ ಏನು ಮಾಡ್ಲಿ ಹೇಳು."

ಅತ್ತೆ ಮಾತ್ರೆಯನ್ನೂ ನೀರನ್ನೂ ತಂದು ಅವನ ಮುಂದೆ ಇಟ್ಟಳು.

ಮಾವ ಒಂದು ಉಪಾಯ ಹೂಡಿದ. ಎಲೆಕ್ಟ್ರಾನಿಕ್ ಇಗ್ನಿಷನ್ ಅಂತ ಬರುತ್ತದೆ. ಬೆರಳುದ್ದದ ಕರಿ ತುಂಡು. ಪಾಯಿಂಟು ಕಿತ್ತು ಅದೇ ಜಾಗದಲ್ಲಿ ಕೂರಿಸಿದರೆ ಮುಟ್ಟುವುದೂ ಇಲ್ಲ, ಸವೆಯುವುದೂ ಇಲ್ಲ, ಸಂದು ಹೊಂದಿಸುವ ಗೋಜೇ ಇಲ್ಲ. ಮೇಲೆ ಹಳೆಯ ಕ್ಯಾಪ್ ಮುಚ್ಚಿದರೆ ಬ್ರಹ್ಮನಿಗೂ ಗೊತ್ತಾಗದು. ಜೀವಮಾನವಿಡೀ ಯಾವುದನ್ನು ಕಂಡರೆ ಮುಖ ಸಿಂಡರಿಸುತ್ತಿದ್ದನೋ ಅದನ್ನೇ ಪೇಟೆಯ ಆಚೆ ತುದಿಯ ಅಂಗಡಿಗೆ, ಗುರುತಿನವರು ಕಾಣದ ಹಾಗೆ, ಹೋಗಿ ತಂದ.

ಒಳಗೆ ತೊಳೀಬೇಕು ಅಂತ ಭಾವನಿಗೆ ಹೇಳಿ ಡಿಸ್ಟ್ರಿಬ್ಯೂಟರನ್ನು, ಅದಕ್ಕೆ ದಪ್ಪನೆಯ ಬೋಲ್ಟು ಒಂದೇ, ಹೇಗೋ ಬಿಚ್ಚಿಕೊಂಡು ಮನೆಗೆ ತಂದದ್ದಾಯಿತು. ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಹಳೇ ಟವೆಲ್ಲು ಹಾಸಿ ಇಬ್ಬರೂ ಕೂತರು. ಮಾವ ಬಾಯಿ, ಅತ್ತೆ ಕೈ. ಎಡಕ್ಕೆ ತಿರುಗಿಸು, ಬಿಡು, ಇಕ್ಕಳ ಅಲ್ಲ ಮಾರಾಯ್ತಿ ಸ್ಕ್ರೂಡ್ರೈವರು, ಅಂತ ಅವನು. ಸೂಜಿಗೆ ದಾರ ಪೋಣಿಸಿ ಪಳಗಿದ ಬೆರಳು ಅವಳದ್ದು, ಸ್ಕ್ರೂ ಒಂದೇ ಸಲಕ್ಕೆ ಕೂತಿತು.

"ಇಷ್ಟು ವರ್ಷ ಇದಕ್ಕಾ ಅಷ್ಟೊಂದು ಬಿಗುಮಾನ ಮಾಡ್ತಿದ್ರಿ?" ಅಂದಳು. ಮಾವನಿಗೂ ನಗು ಬಂತು. ಬಹಳ ದಿನದ ಮೇಲೆ ಬಂದ ನಗು.

ಹಳೆಯದಕ್ಕೆ ಹೊರಗೆ ಬರುವ ತಂತಿ ಒಂದು, ಹೊಸದಕ್ಕೆ ಎರಡು. ಅದೇ ಗುಟ್ಟು ಬಿಟ್ಟುಕೊಡುವಂಥದ್ದು. ಅತ್ತೆ ಎರಡನ್ನೂ ಹಳೆಯ ಬಟ್ಟೆಯ ಕೊಳವೆಯೊಳಗೆ ತೂರಿಸಿ, ಕಪ್ಪು ದಾರದಲ್ಲಿ ಹೊಲಿದು ಒಂದೇ ಮಾಡಿದಳು. ಪಾಯಿಂಟಿನ ಜೊತೆಗಿರುತ್ತಿದ್ದ, ಈಗ ಕೆಲಸವಿಲ್ಲದ ಕಂಡೆನ್ಸರ್ ಎಂಬ ಪುಟ್ಟ ಡಬ್ಬಿಯನ್ನು ಮಾವ ಅದರ ಜಾಗದಲ್ಲೇ, ಸುಮ್ಮನೆ ತೋರಿಕೆಗೆ, ಉಳಿಸಿದ. ತುಂಡಿನ ಜೊತೆ ಬಂದ ಚೀಟಿಯಲ್ಲಿ, ಇಂಜಿನ್ ನಿಂತಿರುವಾಗ ಕೀಲಿ ಹಚ್ಚಿಡಬೇಡಿ, ತುಂಡು ಸುಟ್ಟುಹೋಗುತ್ತದೆ ಅಂತ ಇತ್ತು. ಮಾವ ಓದಿದ. ಹಾಗೆ ಹಚ್ಚಿಟ್ಟುಕೊಂಡು ಕೂರುತ್ತಿದ್ದವಳು ಅಕ್ಕ ಒಬ್ಬಳೇ, ಅವಳೇ ಇಲ್ಲವಲ್ಲ ಅಂದುಕೊಂಡು ಮಡಿಸಿಟ್ಟ.

ಆ ಭಾನುವಾರ ಡಿಸ್ಟ್ರಿಬ್ಯೂಟರನ್ನು ಮತ್ತೆ ಕೂರಿಸಿದ ಮೇಲೆ ಕೋಣ ಕೆಮ್ಮಲಿಲ್ಲ. ಕೀಲಿ ತಿರುಗಿಸಿದ್ದೇ ತಡ ಗುಡುಗಿತು. ಏರಿನಲ್ಲಿ ಭಾವ ಕಾಲೊತ್ತಿದರೆ ಹಿಂದೆ ಕೂತಿದ್ದ ಮಾವನ ಬೆನ್ನು ಸೀಟಿಗೆ ಅಂಟಿತು. ಭಾವ ಕನ್ನಡಿಯಲ್ಲಿ ನೋಡಿ, "ಅವಳಿದ್ದಾಗ ಹೀಗೆ ಓಡ್ತಿತ್ತು ಕಣಯ್ಯ. ನಿನ್ನ ಕೈ ಇನ್ನೂ ಹಾಗೇ ಇದೆ," ಅಂದರು. ಅಷ್ಟು ಉದ್ದದ ಮಾತು ಅವರ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ. ಮಾವ ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

ಮುಂದೆ ಹಲವು ಭಾನುವಾರ ಹಾಗೇ ನಡೆಯಿತು. ಮಾವ ಕ್ಯಾಪ್ ತೆಗೆದು, ಬೆನ್ನು ಅಡ್ಡ ಮಾಡಿಕೊಂಡು ಒಂದಿಷ್ಟು ಹೊತ್ತು ಒರೆಸಿದ ಹಾಗೆ ಮಾಡಿ ಮುಚ್ಚುವನು. ಕಾಫಿ ಬರುವುದು. ಅಷ್ಟು ಸಾಕಿತ್ತು ಅವನಿಗೆ.

ಮಾವನಿಗೆ ಗೊತ್ತಿಲ್ಲದ್ದು ಒಂದಿತ್ತು. ಅಕ್ಕ ಹೋದಾಗಿನಿಂದ ಭಾವ ಸಂಜೆ ಹೊತ್ತು ಗ್ಯಾರೇಜಿನ ಬಾಗಿಲು ಎಳೆದುಕೊಂಡು, ಕಾರಿನಲ್ಲಿ ಕೂತು, ಕೀಲಿ ತಿರುಗಿಸಿ ಸಣ್ಣಗೆ ರೇಡಿಯೋ ಹಾಕಿಕೊಳ್ಳುತ್ತಿದ್ದರು. ಇಂಜಿನ್ನು ಹಚ್ಚದೆ. ಪಕ್ಕದ ಸೀಟು ಖಾಲಿ ಬಿಟ್ಟು. ಹೆಂಡತಿ ಸತ್ತ ಮುದುಕ ಕಾರಿನಲ್ಲಿ ಕೂತು ಹಾಡು ಕೇಳುತ್ತಾನೆ ಅಂತ ಭಾವಮೈದುನನ ಎದುರು ಹೇಳಿಕೊಳ್ಳುವ ಜಾಯಮಾನ ಅವರದ್ದಲ್ಲ. ಹಳೆಯ ಪಾಯಿಂಟು ಅದನ್ನೆಲ್ಲ ಸಹಿಸಿಕೊಂಡಿತ್ತು. ಹೊಸ ತುಂಡು ಕೂಡ ಹಲವು ಸಂಜೆ ಸಹಿಸಿತು. ಒಂದು ಸಂಜೆ ಭಾವನಿಗೆ ಅಲ್ಲೇ ಜೊಂಪು ಹತ್ತಿತು. ಎಚ್ಚರವಾದಾಗ ಸುಟ್ಟ ವಾಸನೆ.

ಮರುದಿನ ಬೆಳಿಗ್ಗೆ ಭಾವನ ಫೋನು. ಕಾರು ಸ್ಟಾರ್ಟ್ ಆಗ್ತಿಲ್ಲ, ಬಾ. ಮಾವ ಹೋದ. ಈ ಸಲ ಭಾವ ಕಾಫಿಗೆ ಒಳಗೆ ಹೋಗಲಿಲ್ಲ. ಟಾರ್ಚು ಹಿಡಿದು ಪಕ್ಕದಲ್ಲೇ ನಿಂತರು. ಕ್ಯಾಪ್ ತೆಗೆಯದೆ ಮಾವನಿಗೆ ಬೇರೆ ದಾರಿಯಿರಲಿಲ್ಲ. ತೆಗೆದ. ಬೆಳಕಿನಲ್ಲಿ ಕರಿ ತುಂಡು ಸೀದು ಉಬ್ಬಿ ಕೂತಿತ್ತು.

ಭಾವ ಟಾರ್ಚನ್ನು ಅದರ ಹತ್ತಿರಕ್ಕೆ ತಂದರು. ಮಾವ ಎಲ್ಲ ಹೇಳಿದ. ಕೈಯದ್ದನ್ನೂ, ಅಡುಗೆಮನೆಯದ್ದನ್ನೂ, ಚೀಟಿಯದ್ದನ್ನೂ. ಹೇಳುವಾಗ ಕೈಯನ್ನು ಮುಚ್ಚಿಡಲಿಲ್ಲ. ಭಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಮಾವ ಆಮೇಲೆ ಅತ್ತೆಯ ಹತ್ತಿರ ಹೇಳಿದ.

"ಅವಳು ಬಿಟ್ಟುಹೋದ ಹಾಗೇ ಇದೆ ಅಂದ್ಕೊಂಡು ದಿನಾ ಇದರಲ್ಲಿ ಕೂತ್ಕೋತಿದ್ದೆ," ಅಂದರು ಭಾವ. "ಇರಲಿಲ್ಲ ಅಂತಾಯ್ತು."

ಹಳೇದನ್ನ ಇಟ್ಟಿದ್ದೀನಿ ಭಾವ, ಚೀಲದಲ್ಲೇ ಇದೆ, ಈಗಲೇ ಹಾಕ್ತೀನಿ ಅಂತ ಮಾವ ಬಗ್ಗಿದ. ಸ್ಕ್ರೂ ಹಿಡಿದ. ಜಾರಿತು. ಮತ್ತೆ ಹಿಡಿದ. ನೋಡಲಾಗದೆ ಭಾವನೇ ಟಾರ್ಚು ಆರಿಸಿದರು.

"ನಮ್ಮವಳನ್ನ ಕರ್ಕೊಂಡು ಬರ್ತೀನಿ ಭಾವ. ಅವಳ ಕೈ ಗಟ್ಟಿ ಇದೆ. ಒಂದು ಗಳಿಗೆ ಕೆಲಸ."

"ಬೇಡ ಬಿಡು." ಭಾವ ಬಾನೆಟ್ಟನ್ನು ಸದ್ದಾಗದಂತೆ ಮುಚ್ಚಿದರು. "ಬೇರೆಯವರನ್ನೂ ಕರೆಯಲ್ಲ. ನಿಂತಿರ್ಲಿ."

ಕಾರು ನಿಂತಿತು. ಭಾನುವಾರವೂ ನಿಂತಿತು. ಭಾನುವಾರ ಬಂತೆಂದರೆ ಮಾವ ಶೆಡ್ಡಿಗೆ ಹೋಗಿ, ಷಟರು ಅರ್ಧ ಎತ್ತಿ, ಅರ್ಧದಲ್ಲೇ ಬಿಟ್ಟು, ಕತ್ತಲಲ್ಲಿ ಕೂರುತ್ತಿದ್ದ. ಊಟ ಸೇರದು. ಅತ್ತೆಗೆ ತಡೆಯಲಾಗಲಿಲ್ಲ, ಒಂದು ದಿನ ತಾನೇ ಭಾವನ ಮನೆಗೆ ಹೋದಳು. ಕಾರು ಸರಿ ಮಾಡುವ ಮಾತಾದರೆ ಬೇಡಮ್ಮ, ಸುಮ್ಮನೆ ಬಂದಿದ್ದರೆ ಒಳಗೆ ಬಾ ಅಂದರಂತೆ ಅವರು. ಅವಳು ಒಳಗೆ ಕೂತು, ನೀರು ಕುಡಿದು ಬಂದಳು. ಬಂದವಳೇ ಗಂಡನಿಗೆ ಹೇಳಿದಳು.

"ಅಣ್ಣನಿಗೆ ಸಿಟ್ಟಿಲ್ಲ ರೀ. ಸುಮ್ನೆ ಹೋಗಿ ಕೂತು ಬನ್ನಿ. ಬಾಗಿಲು ತೆಗೆದೇ ಇದೆ."

ಮುಂದಿನ ಭಾನುವಾರ ಮಾವ ಒಗೆದ ಅಂಗಿ ತೊಟ್ಟು ಹೊರಟ. ಚೀಲ ತೆಗೆದುಕೊಳ್ಳಲಿಲ್ಲ. ಭಾವನ ಗೇಟಿನ ಹತ್ತಿರ ನಿಂತ. ಒಳಗೆ ನಲ್ಲಿ ಬಿಟ್ಟ ಸದ್ದು, ಪಾತ್ರೆಯ ಸದ್ದು, ಆಮೇಲೆ ಭಾವ ಗಂಟಲು ಸರಿಮಾಡಿಕೊಂಡ ಸದ್ದು. ಒಳಗೆ ಹೋದರೆ ಮೊದಲ ಮಾತು ಏನು ಅಂತ ಯೋಚಿಸಿದ. ಕಾರಿನ ಮಾತು ಆಡುವಂತಿಲ್ಲ. ಅಕ್ಕನ ಮಾತು ಇಬ್ಬರೂ ಆಡಿದವರಲ್ಲ. ಕೆಲಸವಿಲ್ಲದೆ ಆ ಮನೆಗೆ ಹೇಗೆ ಹೋಗಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಗೇಟಿನ ಚಿಲಕ ಮುಟ್ಟಿದ. ನಡುಗುವ ಕೈಗೆ ಅದು ಲಟಲಟ ಸದ್ದು ಮಾಡಿತು. ಯಾರಾದರೂ ಬಂದಾರೆಂದು ಕೈ ತೆಗೆದು, ಬಂದ ದಾರಿಯಲ್ಲೇ ತಿರುಗಿದ.

ಇಷ್ಟು ಬೇಗ ಬಂದಿರಲ್ಲ ಅಂದಳು ಅತ್ತೆ. ಭಾವ ಮನೆಯಲ್ಲಿರಲಿಲ್ಲ, ಎಲ್ಲೋ ಹೋಗಿದ್ದಾರೆ ಅಂದ ಮಾವ.

ಕಾರಿಲ್ಲದೆ ಭಾವ ಹೊಸಿಲು ದಾಟುವವರಲ್ಲ ಎಂಬುದು ಅವಳಿಗೂ ಗೊತ್ತಿತ್ತು. ತಟ್ಟೆ ಹಾಕಿದಳು.