ಮೂಗಿನ ರಕ್ತ ನಿಂತ ಚಳಿಗಾಲ

ಕಾರ್ಖಾನೆಯ ಹೆಂಗಸರ ಕೈಗೂ ಮೊಬೈಲ್ ಬರತೊಡಗಿದ್ದ ಕಾಲ ಅದು. ಠಾಣೆ ಶಹರದಲ್ಲಿ, ಕಾರ್ಖಾನೆಗಳೇ ತುಂಬಿದ್ದ ವಾಗ್ಳೆ ಎಸ್ಟೇಟಿನ ಚಾಳಿನ ಒಂದು ಖೋಲಿಯಲ್ಲಿ ನಾನು, ಅವ್ವ ಇಬ್ಬರೇ ಇದ್ದೆವು. ವಿಜಯಪುರದಿಂದ ಬಂದಿದ್ದ ಅವ್ವ ಬಿಸ್ಕೀಟು ಪ್ಯಾಕಿಂಗ್ ಕೆಲಸಕ್ಕೆ ಬೆಳಿಗ್ಗೆ ಆರಕ್ಕೇ ಹೊರಡುತ್ತಿದ್ದಳು. ಅವಳು ತಂದ ಒಡಕು ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ತಿಂದರೆ ನನ್ನ ನಾಷ್ಟಾ ಮುಗಿಯಿತು. ಮಧ್ಯಾಹ್ನ ವಡಾಪಾವ್. ಪಲ್ಯ ಕಂಡರೆ ಮುಖ ತಿರುವುತ್ತಿದ್ದೆ. ದಣಿದು ಬಂದ ಅವ್ವ ಒತ್ತಾಯಿಸುತ್ತಿರಲಿಲ್ಲ.

ಐದನೇ ಇಯತ್ತೆಯಲ್ಲಿ ನನಗಿಂತ ಜೋರಾಗಿ ಓಡುವವರಿರಲಿಲ್ಲ. ಆದರೆ ಓಡಿದಾಗಲೆಲ್ಲ ಮೂಗಿನಿಂದ ರಕ್ತ. ಬಿಳಿ ಅಂಗಿಯೆಲ್ಲ ಕೆಂಪು. ಕೊನೆಗೆ ಖೊಖೊ ಟೀಚರ್, “ತೂ ಬಸ್ ಗ, ಪುರೇ ಝಾಲಂ”, ನೀನು ಕೂತ್ಕೋ, ಸಾಕು, ಎಂದು ನನ್ನನ್ನು ತಂಡದಿಂದ ಹೊರಗೆ ಕೂರಿಸಿಬಿಟ್ಟರು. ಗೆಳತಿಯರು ಆಡುವುದನ್ನು ಗೋಡೆಗೊರಗಿ ನೋಡುತ್ತ ಅತ್ತೆ.

ಅವ್ವ ದವಾಖಾನೆಗೆ ಕರೆದೊಯ್ದಳು. ಡಾಕ್ಟರಮ್ಮ ಉಡುಪಿ ಕಡೆಯವರು. ವಸಡು ನೋಡಿ, ರಕ್ತ ಪರೀಕ್ಷೆ ಮಾಡಿಸಿ, “ದಿನಾ ಎಂತ ತಿಂತಿ ಮಗಾ?” ಎಂದರು. ಹೇಳಿದೆ.

“ಹಣ್ಣಿಲ್ಲ, ಸೊಪ್ಪಿಲ್ಲ. ಸಿ ವಿಟಮಿನ್ ಕಡಿಮೆಯಾದ್ರೆ ಸಣ್ಣ ರಕ್ತನಾಳ ಬೇಗ ಒಡೀತದೆ. ಸೊಪ್ಪಿನಲ್ಲಿರುವ ಕೆ ವಿಟಮಿನ್ ಸಾಲದಿದ್ರೆ ರಕ್ತ ನಿಲ್ಲುವುದೂ ತಡ. ಹೆದರ್ಬೇಡಿ, ಸರಿ ಆಗ್ತದೆ.”

ಅವ್ವನ ಕಣ್ಣು ತುಂಬಿತು. “ಹೊಟ್ಟಿ ತುಂಬ್ಯದ ಅಂತ ತಿಳಕೊಂಡಿದ್ದೆನ್ರಿ ಮೇಡಂ.”

ಮರುದಿನದಿಂದ, ಚಳಿಗಾಲದ ಆ ಕತ್ತಲಲ್ಲೂ, ಅವಳು ಒಂದು ತಾಸು ಮೊದಲೇ ಏಳತೊಡಗಿದಳು. ಬಿಸಿ ರೊಟ್ಟಿ, ಮೆಂತ್ಯ ಪಲ್ಯ, ಉಪ್ಪು ಖಾರ ಹಚ್ಚಿದ ಪ್ಯಾರಲಹಣ್ಣು, ಬಾಯಿ ಒಗರಾಗಿಸುವ ನೆಲ್ಲಿಕಾಯಿ. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, “ನೀ ತಿನ್ನೂತನಕ ನಾ ಕೆಲಸಕ್ಕ ಹೋಗಂಗಿಲ್ಲ ನೋಡು” ಎನ್ನುತ್ತಿದ್ದಳು. ಮೂಗು ಹಿಡಿದು ನುಂಗುತ್ತಿದ್ದೆ. ರಕ್ತ ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಟೀಚರನ್ನು ಕಾಡಿ ಬೇಡಿ ತಂಡಕ್ಕೆ ಮರಳಿದೆ.

ನಮ್ಮ ಚಾಳಿನ ಹತ್ತಿರದ ಮೈದಾನದಲ್ಲಿ ಕಲ್ಯಾಣ ಊರಿನ ಶಾಲೆಯ ವಿರುದ್ಧ ಫೈನಲ್. ಅವ್ವ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಎದುರು ತಂಡದಲ್ಲಿ ಉಳಿದಿದ್ದವಳು ಒಬ್ಬಳೇ ಓಟಗಾತಿ. ಬೆನ್ನಿಗೆ “ಖೋ” ಬಿತ್ತು. ಚಿಮ್ಮಿದೆ, ಕಂಬದ ಬಳಿ ಮೈಚಾಚಿ ಬಿದ್ದೆ, ಅವಳ ಹಿಮ್ಮಡಿ ಕೈಗೆ ತಾಗಿತು. ಮುಖ ಮಣ್ಣಿಗೆ ಬಡಿದಿತ್ತು. ಮೂಗಿನ ಕೆಳಗೆ ಒದ್ದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಂಗೈಯಿಂದ ಒರೆಸಿ ಎತ್ತಿ ತೋರಿಸಿದೆ. ಬರೀ ಬೆವರು!

“ನನ್ ಮಗಳು! ನನ್ ಮಗಳು!” ಅವ್ವ ಗೆರೆ ದಾಟಿ ಓಡಿಬಂದು ನನ್ನನ್ನೆತ್ತಿ ಕುಣಿದಳು.

ಆ ಮೈದಾನದ ಮೇಲೆ ಈಗ ಇಪ್ಪತ್ತು ಮಾಳಿಗೆಯ ಕಟ್ಟಡಗಳಿವೆ. ನನ್ನ ಮಗಳೂ ಜೋರಾಗಿ ಓಡುತ್ತಾಳೆ, ಪಾರ್ಕಿಂಗಿನ ಕಾರುಗಳ ನಡುವೆ. ಅವಳಿಗೆ ಹಣ್ಣು ಹಂಪಲಿಗೆ ಕೊರತೆಯಿಲ್ಲ. ಮೈಚಾಚಿ ಬೀಳಲು ಒಂದು ಹಿಡಿ ಮಣ್ಣಿಲ್ಲ.