ಪ್ರೇಮಗೀತೆಗೆ ಹೋದ ಭಜನಾ ಮಂಡಳಿ

ಹಾರ್ಮೋನಿಯಂ, ತಾಳ ಹಿಡಿದು ನಾವು ಮುನವಳ್ಳಿಯ ಆ ಮನೆಯ ಹೊಸ್ತಿಲು ತುಳಿದದ್ದೇ ತಡ, ಪಕ್ಕದ ಮನೆಯಾಕೆ ಸೆರಗು ಬಾಯಿಗೊತ್ತಿಕೊಂಡು ಅಳುತ್ತ ಓಡಿಬಂದಳು. ನಮ್ಮ ಕಡೆ ಭಜನಾ ಮಂಡಳಿ ಹಗಲು ಹೊತ್ತು ಯಾರ ಮನೆಗಾದರೂ ಬಂತೆಂದರೆ ಅಲ್ಲಿ ಸಾವಾಗಿದೆ ಎಂದೇ ತಿಳಿಯುತ್ತಾರೆ. ಆದರೆ ಅವತ್ತು ಪ್ರೇಮಿಗಳ ದಿನ. ಊರ ಶಾಲೆಯ ಹುಡುಗಿಯರಿಗೆ ಶೌಚಾಲಯ ಕಟ್ಟಿಸಲು, ದೇಣಿಗೆ ಕೊಟ್ಟವರ ಮನೆಗೆ ಹೋಗಿ ಪ್ರೇಮಗೀತೆ ಹಾಡುತ್ತಿದ್ದೆವು. ಈ ಮನೆಯ ಯಜಮಾನರು ತಮ್ಮ ಹೆಂಡತಿಗಾಗಿ ಹಳೆಯ ಸಿನಿಮಾ ಹಾಡೊಂದನ್ನು ಕೇಳಿದ್ದರು. ಆಕೆ ಹಾಸಿಗೆ ಹಿಡಿದದ್ದನ್ನು ಮಾತ್ರ ಹೇಳಿರಲಿಲ್ಲ.

ಮಂಚದ ಮೇಲಿದ್ದ ಆ ತಾಯಿ ನಮ್ಮ ತಾಳಗಳನ್ನು ನೋಡಿ, "ನಾ ಇನ್ನೂ ಜೀವಂತ ಅದೀನ್ರೀ. ಇಷ್ಟು ಲಗೂ ಯಾಕ ಬಂದ್ರಿ?" ಎಂದರು. ನಾನು ತಡವರಿಸುತ್ತ ವಿಷಯ ತಿಳಿಸಿದೆ. ಅವರು ಗಂಡನ ಕಡೆ ನೋಡಿ ಸಣ್ಣಗೆ ನಕ್ಕರು. "ಹಂಗಾರ ಹಾಡ್ರಿ. ಮುಂದ ನೀವು ಬಂದಾಗ ನನಗ ಕೇಳಂಗಿಲ್ಲ."

ಕಳೆದ ವಾರ ಅದೇ ಮನೆಗೆ ಭಜನೆಗೆ ಹೋದೆವು. ನಡುವೆ ಯಜಮಾನರು ನನ್ನ ಬಳಿ ಬಂದು, ಅದೇ ಸಿನಿಮಾ ಹಾಡನ್ನು ಇನ್ನೊಮ್ಮೆ ಹಾಡುತ್ತೀರಾ ಎಂದು ಮೆಲ್ಲಗೆ ಕೇಳಿದರು. ಸುತ್ತ ಊರ ಹಿರಿಯರು ಕುಳಿತಿದ್ದರು. ನಾನು ತಲೆ ತಗ್ಗಿಸಿ ಮುಂದಿನ ಭಜನೆ ಎತ್ತಿಕೊಂಡೆ.