ಗಂಗಕ್ಕನ ತಾರಸಿಯ ಬಿಸಿಲು

ಬಿಸಿಲು ಅಳೆಯಲು ಹೊರಟವನಿಗೆ ಬಿಸಿಲು ಕಂಡರಾಗುವುದಿಲ್ಲ ಎಂದರೆ ನೀವು ನಗುತ್ತೀರಿ. ನಗಿ. ನಾನು ಹುಟ್ಟಿದ್ದು ಸೊರಬದ ಕಡೆಯ ಉಳವಿಯಲ್ಲಿ, ಮರಗಳ ಅಡಿಯಲ್ಲಿ. ಈಗಲೂ ಬಸ್ಸಿಗೆ ಕಾಯುವಾಗ ಲೈಟುಕಂಬದ ನೆರಳಿಗೆ ಸರಿದು ನಿಲ್ಲುವ ಆಸಾಮಿ. ಕಂಬ ತೆಳ್ಳಗೆ, ನಾನು ದಪ್ಪ. ಹಾಗಾಗಿ ಮೂಗನ್ನಾದರೂ ಉಳಿಸಿಕೊಳ್ಳುತ್ತೇನೆ. ಇಂಥ ನನ್ನನ್ನು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನೆಂಬ ಒಂದೇ ಕಾರಣಕ್ಕೆ, ಶಿಕಾರಿಪುರದ ಆಶ್ರಯ ಮನೆಗಳ ತಾರಸಿ ಮೇಲೆ ಎಷ್ಟು ಸೋಲಾರ್ ಕರೆಂಟು ಹುಟ್ಟೀತು ನೋಡಿ ಬನ್ನಿ ಎಂದು ವಿದ್ಯುತ್ ಕಚೇರಿಯವರು ಕಳಿಸಿದರು. ಕೈಗೊಂದು ಟೇಪು ಕೊಟ್ಟರು, ಬಿಸಿಲಿನ ಖಾರ ತೋರಿಸುವ ಪುಟ್ಟ ಮೀಟರು ಕೊಟ್ಟರು, ಟೋಪಿ ಕೊಡಲಿಲ್ಲ. ನನ್ನ ಬೋಳುತಲೆಯನ್ನು ಎರಡನೆಯ ಮೀಟರು ಎಂದುಕೊಂಡಿದ್ದರೋ ಏನೋ.

ಆಶ್ರಯ ಮನೆಯ ತಾರಸಿ ಖಾಲಿ ಬಿದ್ದಿರುತ್ತದೆಂದು ಕಚೇರಿಯಲ್ಲಿ ಕೂತವರ ನಂಬಿಕೆ. ಹತ್ತಿ ನೋಡಬೇಕು. ಮೆಕ್ಕೆಜೋಳ, ಮೆಣಸಿನಕಾಯಿ, ಯೂನಿಫಾರಂ, ಕಾಲು ಮುರಿದ ಮಂಚ, ಅದರ ಮೇಲೊಂದು ಬೆಕ್ಕು. ಕೆಳಗಿರುವುದು ಒಂದೇ ಕೋಣೆ. ಮಿಕ್ಕ ಸಂಸಾರವೆಲ್ಲ ತಾರಸಿಯ ಮೇಲೆ.

ಬಡಾವಣೆಯ ಕೊನೆಯ ಮನೆ ಗಂಗಕ್ಕನದು. ಉದ್ದಿನ ಹಪ್ಪಳ ಮಾಡಿ ಮಾರಿಯೇ ಅವರ ಜೀವನ ನಡೆಯಬೇಕು. ಸುತ್ತ ಮರವಿಲ್ಲ, ಎತ್ತರದ ಕಟ್ಟಡವಿಲ್ಲ, ಇಡೀ ಬೀದಿಗೇ ಒಳ್ಳೆಯ ಬಿಸಿಲು ಅವರ ತಾರಸಿಯದು. ನಾನು ಕಣ್ಣಿಟ್ಟದ್ದೂ ಅದರ ಮೇಲೆಯೇ. ಮಧ್ಯಾಹ್ನ ಅಳೆಯಲು ಬರುತ್ತೇನೆಂದು ಹಿಂದಿನ ದಿನವೇ ಹೇಳಿದ್ದೆ.

ಹೋಗಿ ನೋಡಿದರೆ ತಾರಸಿಯ ತುಂಬ ಚಪ್ಪರ! ಬಿದಿರು ಗಳ, ಮೇಲೆ ಅಡಿಕೆ ಸೋಗೆ, ಅದರ ಮೇಲೆ ತಾಡಪಾಲು. ನಡುವೆ ಕುರ್ಚಿ, ತಂಬಿಗೆ ತುಂಬ ಮಜ್ಜಿಗೆ.

“ಕೂತ್ಕಳ್ರಿ ಮೇಷ್ಟ್ರೇ. ಬಿಸ್ಲಾಗೆ ಬರ್ತೀರಿ, ತ್ರಾಸಾಗ್ಬಾರ್ದು ಅಂತ ನೆಳ್ಳು ಮಾಡ್ಸೀನಿ” ಎಂದರು ಗಂಗಕ್ಕ.

ಸೂರ್ಯನನ್ನು ಭೇಟಿಯಾಗಲು ಬಂದವನಿಗೆ ಸೂರ್ಯ ಕಾಣದಂಥ ಸತ್ಕಾರ! ಕೂತೆ. ಮಜ್ಜಿಗೆ ಇಳಿಯುತ್ತಿದ್ದಂತೆ ತಲೆ ಇದೇ ತಾಲ್ಲೂಕಿನ ತಾಳಗುಂದದ ಶಾಸನದ ಕಡೆ ಹೊರಟಿತು. ಹಳೆಯ ಶಾಸನಗಳಲ್ಲಿ ರಾಜರು ಹೊಲ ಕೊಟ್ಟರು, ಕೆರೆ ಕೊಟ್ಟರು, ದಾನ ಸೂರ್ಯಚಂದ್ರರಿರುವ ತನಕ ನಡೆಯಲಿ ಎಂದು ಕೆತ್ತಿಸಿದರು. ಸೂರ್ಯನನ್ನು ಸಾಕ್ಷಿಗೆ ಕರೆದರೇ ಹೊರತು ಬಿಸಿಲನ್ನು ಯಾರ ಹೆಸರಿಗೂ ಬರೆದುಕೊಡಲಿಲ್ಲ. ಇಂದಿನ ಪಹಣಿಯಲ್ಲೂ ಬಿಸಿಲಿಗೊಂದು ಕಾಲಂ ಇಲ್ಲ. ಇಷ್ಟು ಘನವಾದ ವಿಚಾರ ಮಾಡಿ ಮೀಟರು ಹೊರತೆಗೆದರೆ ಮುಳ್ಳು ಏಳಲೇ ಇಲ್ಲ.

ಗಂಗಕ್ಕ ಬಗ್ಗಿ ನೋಡಿದರು. “ಅಯ್ಯೋ, ನಮ್ಮನಿ ಮ್ಯಾಲೆ ಬಿಸ್ಲೇ ಇಲ್ಲೇನ್ರೀ? ಹೋಗ್ಲಿ ಬಿಡ್ರಿ, ಬ್ಯಾರೆ ಮನಿ ನೋಡ್ರಿ.” ಆ ಮಾತಿನಲ್ಲಿ ದುಃಖ ಸ್ವಲ್ಪ ಕಡಿಮೆಯೇ ಇತ್ತು.

ಅಷ್ಟರಲ್ಲಿ ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು ಕೂಗಿದರು: “ನಿನ್ನೆ ತನ ಇಲ್ಲದ್ ಚಪ್ರ ಇವತ್ತೆಲ್ಲಿಂದ ಬಂತು ಗಂಗಕ್ಕ? ಹಪ್ಪಳ ಎಲ್ಲಿ ಬಚ್ಚಿಟ್ಟೀಯ?”

ಗಂಗಕ್ಕ ನಕ್ಕೇಬಿಟ್ಟರು. “ಹೂನ್ರಿ, ಬೇಕಂತ್ಲೇ ಕಟ್ಸೀನಿ. ಕರೆಂಟ್ ಬಿಲ್ಲು ಈಗ್ಲೂ ಸೊನ್ನೇನೇ ಬರ್ತತಿ. ನಿಮ್ ಸೋಲಾರ್ ಹಲಿಗಿ ಹಾಸಿದ್ ಮ್ಯಾಲೆ ನನ್ ಹಪ್ಪಳ ಎಲ್ಲಿ ಒಣಗ್ಬೇಕು, ನಿಮ್ ತಲಿ ಮ್ಯಾಲಾ? ಇವತ್ತಿನ್ ಹಪ್ಪಳ ಎಲ್ಲಾ ಹಸೀವೇ ಕೆಳಗ್ ಕುಂತಾವೆ.”

ಸಿಟ್ಟು ಬರಬೇಕಿತ್ತು, ಖುಷಿಯಾಯಿತು. ಬಿಸಿಲು ಉಳಿಸಿಕೊಳ್ಳಲು ಒಂದು ದಿನದ ಬಿಸಿಲನ್ನೇ ಬಲಿಕೊಟ್ಟವರನ್ನು ನಾನು ಎಲ್ಲೂ ಕಂಡಿರಲಿಲ್ಲ. ಇಬ್ಬರೂ ಸೇರಿ ತಾಡಪಾಲು ಎಳೆದು, ಸೋಗೆ ಸರಿಸಿದೆವು. ಮೀಟರಿನ ಮುಳ್ಳು ಕೊನೆಗೆ ಹೋಗಿ ಬಡಿಯಿತು. ಹಪ್ಪಳದ ಮೊರ ಮೇಲೆ ಬಂತು, ಸೀರೆ ಹಾಸಿ ಹರವತೊಡಗಿದೆವು. ನಾನು ಹರವಿದವು ಒಂದರ ಮೇಲೊಂದು ಬಿದ್ದವು. ಗಂಗಕ್ಕ ಬೈದು ಸರಿಮಾಡಿದರು.

ಆಗಲೇ ಕಚೇರಿಯಿಂದ ಸಾಹೇಬರ ಫೋನು. “ಏನ್ರೀ ಮೇಷ್ಟ್ರೇ, ಆ ಕೊನೇ ಮನೆ ಮೇಲೆ ಬಿಸಿಲು ಇದೆಯೋ ಇಲ್ವೋ?”

ಗಂಗಕ್ಕ ಕೈಯಲ್ಲಿನ ಹಪ್ಪಳ ಕೈಯಲ್ಲೇ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು.

“ಬೇಕಾದಷ್ಟಿದೆ ಸಾರ್” ಎಂದೆ. ಅವರ ಮುಖ ಬಾಡಿತು.

“ಆದರೆ ಖಾಲಿ ಇಲ್ಲ.”